ಹದಿನೇಳನೇ ಜೋಡಿ

ಸೆಪ್ಟೆಂಬರ್ 3

ಅಕ್ಕ,

ಊರು ತಲುಪಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ತಲೆನೋವಿಲ್ಲ. ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀನು ಅದನ್ನೇ ಕೇಳುತ್ತೀಯ.

ಅಧ್ಯಯನಕ್ಕೆಂದು ನಾನು ನಿನ್ನ ಆಸ್ಪತ್ರೆಗೆ ಬಂದದ್ದು ಇದು ಹನ್ನೆರಡನೇ ಆಗಸ್ಟ್. ನಾವಿಬ್ಬರು ಒಟ್ಟಿಗೆ ಕೂತದ್ದು ಎಷ್ಟು ಹೊತ್ತು ಹೇಳು? ನೀನು ಸ್ಕ್ಯಾನ್ ಯಂತ್ರದೊಳಗಿದ್ದಾಗ ನಾನು ಬೆಂಚಿನ ಮೇಲೆ, ನಾನು ಒಳಗಿದ್ದಾಗ ನೀನು ಬೆಂಚಿನ ಮೇಲೆ. ನಡುವೆ ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟೆವು. ಅಷ್ಟೆ.

ಆಮೇಲೆ ಆ ಪ್ರಶ್ನೆಗಳು. ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆಯೇ? ಇಲ್ಲ. ಯಾರಾದರೂ ನಿಮ್ಮನ್ನು ಗಮನಿಸುತ್ತಿದ್ದಾರೆ ಅನ್ನಿಸುತ್ತದೆಯೇ? ಈ ಪ್ರಶ್ನೆಗೆ ಪ್ರತಿವರ್ಷ ನಗು ಬರುತ್ತದೆ. ಹನ್ನೆರಡು ವರ್ಷದಿಂದ ಒಂದಿಡೀ ವಿಭಾಗ ನನ್ನನ್ನು ಗಮನಿಸುತ್ತಾ ಕೂತಿದೆ. "ಇಲ್ಲ" ಎಂದೆ.

ಕೊನೆಗೆ ಪ್ರೊಫೆಸರಮ್ಮ ಎಂದಿನಂತೆ, "ಎಲ್ಲಾ ಚೆನ್ನಾಗಿದೆ ಕಣಮ್ಮ, ಮುಂದಿನ ವರ್ಷ ನೋಡೋಣ" ಎಂದರು. ಅವರು ಒಳ್ಳೆಯವರೇ. ಆದರೆ ಆ "ನೋಡೋಣ" ಇದೆಯಲ್ಲ, ಅದನ್ನು ಹೊತ್ತುಕೊಂಡು ಮುನ್ನೂರ ಅರವತ್ತೈದು ದಿನ ನಡೆಯಬೇಕು.

ಭೂಮಾಪಕರು ಮತ್ತೆ ಮದುವೆಗೆ ಕೇಳಿದರು. ನಮ್ಮ ತೂಕ-ಅಳತೆ ಕಚೇರಿಯ ಮೇಲಿನ ಮಹಡಿಯವರು, ಹೋದ ವರ್ಷ ಹೇಳಿದ್ದೆನಲ್ಲ. ನಿನ್ನ ವಿಷಯ ಅವರಿಗೆ ಗೊತ್ತು, ನನ್ನ ಆಗಸ್ಟುಗಳೂ ಗೊತ್ತು. "ಮುಂದಿನ ಆಗಸ್ಟ್ ಆಗ್ಲಿ" ಎಂದೆ. "ಆಗಸ್ಟ್ ಪ್ರತಿವರ್ಷ ಬರುತ್ತಲ್ಲ ಮೇಡಂ" ಎಂದರು. ಕೋಪ ಮಾಡಿಕೊಂಡು ಹೇಳಲಿಲ್ಲ. ಅದೇ ಕಷ್ಟ.

ಮೊನ್ನೆ ಬಜಾರಿನಲ್ಲಿ ಹಿಂದಿನಿಂದ ಯಾರೋ ಕರೆದ ಹಾಗಾಯಿತು. ತಿರುಗಿದರೆ ಯಾರೂ ಇಲ್ಲ. ತಾರೀಖು ಹಾಕಿ ಬರೆದಿಟ್ಟಿದ್ದೇನೆ.

ನಿನ್ನ ತಂಗಿ

*

ಸೆಪ್ಟೆಂಬರ್ 19

ಪ್ರೀತಿಯ ಮರಿ,

ಬಜಾರಿನಲ್ಲಿ ಕರೆದವರು ಯಾರೋ ತರಕಾರಿ ಮಾರುವವರಿರಬೇಕು. ನನ್ನ ತಲೆಯೊಳಗೆ ಮಾತಾಡುವವರು ಅಷ್ಟು ದೂರ ಬಂದು ನಿನ್ನನ್ನು ಕರೆಯುವಷ್ಟು ಚುರುಕಿಲ್ಲ. ಮಾತ್ರೆ ಬದಲಾಯಿಸಿದ ಮೇಲೆ ಅವರ ದನಿ ಪಕ್ಕದ ಮನೆಯ ರೇಡಿಯೋದಂತಾಗಿದೆ. ಏನೋ ಹೇಳುತ್ತಿರುತ್ತಾರೆ, ನಾನು ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ತಲೆ ಕೆಡಿಸಿಕೊಳ್ಳಬೇಡ ಎಂದು ಬರೆಯಬೇಕೆಂದಿದ್ದೆ. ಆ ಕೆಲಸ ಮನೆಗೊಬ್ಬರು ಮಾಡಿದರೆ ಸಾಕು.

ಇಲ್ಲಿ ಆಸ್ಪತ್ರೆಯ ಬೈಂಡಿಂಗ್ ವಿಭಾಗದಲ್ಲಿ ಕೈತುಂಬ ಕೆಲಸ. ಓದು ಮುಗಿಸುವ ಡಾಕ್ಟರುಗಳ ಪ್ರಬಂಧಗಳೆಲ್ಲ ಒಟ್ಟಿಗೆ ಬಂದು ಬಿದ್ದಿವೆ. ನಾನು ಹೊಲಿಯುವುದು, ಗೋಂದು ಹಚ್ಚುವುದು, ರಟ್ಟು ಹಾಕುವುದು. ಮೊನ್ನೆ ಒಂದರಲ್ಲಿ "ಹದಿನೇಳನೇ ಜೋಡಿ" ಎಂದಿತ್ತು. ನಾವೇ! ನಾನು 17-ಅ, ನೀನು 17-ಆ. ಏಳು ನಿಮಿಷ ಮೊದಲು ಹುಟ್ಟಿದ್ದಕ್ಕೆ ಅಷ್ಟಾದರೂ ಮರ್ಯಾದೆ ಸಿಕ್ಕಿತಲ್ಲ. ನಮ್ಮಿಬ್ಬರನ್ನೂ ಒಂದೇ ದಾರದಲ್ಲಿ ಬಿಗಿಯಾಗಿ ಹೊಲಿದು ಕೊಟ್ಟಿದ್ದೇನೆ.

ಮುಂದಿನ ತಿಂಗಳು ಬೇರೆ ಬೇರೆ ಊರುಗಳ ಡಾಕ್ಟರುಗಳು ಒಂದು ವಾರ ಮೆದುಳಿನ ಪಾಠ ಕೇಳಲು ಬರುತ್ತಾರಂತೆ. ಕೊನೆಯ ದಿನ ನಾನೂ ಮಾತಾಡಬೇಕು ಎಂದು ಪ್ರೊಫೆಸರಮ್ಮ ಕೇಳಿದ್ದಾರೆ. ನನ್ನ ಕಾಯಿಲೆಯ ಬಗ್ಗೆ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು ಎಂದೆ. "ಅದೇ ತಪ್ಪು, ಅದನ್ನೇ ಹೇಳೋಕೆ ಬನ್ನಿ" ಎಂದರು.

ಅಕ್ಕ

*

ಅಕ್ಟೋಬರ್ 12

ಮರಿ,

ಪಾಠ ಆಯಿತು. ನೀನಿರಬೇಕಿತ್ತು, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ.

ಮೂವತ್ತೆಂಟು ಜನ ಡಾಕ್ಟರುಗಳು. ಜ್ವರ, ಹೆರಿಗೆ, ಮುರಿದ ಮೂಳೆ ನೋಡಿ ನೋಡಿ ಸುಸ್ತಾದ ಮುಖಗಳು. ನನ್ನನ್ನು ಪಕ್ಕದಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ಪ್ರೊಫೆಸರಮ್ಮ ಪರದೆಯ ಮೇಲೆ ಎರಡು ಮೆದುಳಿನ ಚಿತ್ರ ಹಾಕಿದರು. ಕಪ್ಪು ಬಿಳುಪು, ಅಡ್ಡ ಕೊಯ್ದ ಹಾಗೆ. ಮೂಲೆಯಲ್ಲಿ ಇರುವೆ ಸಾಲಿನಂತೆ ಸಣ್ಣ ಅಕ್ಷರ. ನಾನು ಕಣ್ಣು ಕಿರಿದು ಮಾಡಿ ನೋಡಿದೆ: ಎಡಗಡೆ 17-ಆ, ಬಲಗಡೆ 17-ಅ.

"ಇಬ್ಬರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ. ಯಾರಿಗೆ?" ಎಂದು ಕೇಳಿದರು.

ಕೈಗಳು ಎದ್ದವು. ಎಡಗಡೆಗೆ ಇಪ್ಪತ್ತಮೂರು, ಬಲಗಡೆಗೆ ಹದಿನೈದು. ಅವರಲ್ಲೊಬ್ಬರು, ಕನ್ನಡಕ ಹಣೆಯ ಮೇಲೇರಿಸಿಕೊಂಡವರು, ಎದ್ದು ನಿಂತು ಕಾರಣವನ್ನೂ ಕೊಟ್ಟರು. "ಎಡಗಡೆ ನೋಡಿ, ಮೆದುಳಿನ ನಡುವಿನ ಪೊಳ್ಳು ಸ್ವಲ್ಪ ಅಗಲ. ಹಣೆಯ ಹಿಂದೆ ತೆಳ್ಳಗಾಗಿದೆ. ಸ್ಪಷ್ಟವಾಗೇ ಇದೆಯಲ್ಲ!" ನಾಲ್ಕೈದು ಜನ ತಲೆದೂಗಿದರು.

ಪ್ರೊಫೆಸರಮ್ಮ ಅಷ್ಟೂ ಕೇಳಿಸಿಕೊಂಡು, "ಎಡಗಡೆಯವರು ಆರೋಗ್ಯವಾಗಿದ್ದಾರೆ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗಿರ್ತಾರೆ" ಎಂದರು. "ಇದನ್ನ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ನೂರಾರು ಮೆದುಳು ಸೇರಿಸಿ ಸರಾಸರಿ ತೆಗೆದ್ರೆ ಒಂದು ಸಣ್ಣ ವ್ಯತ್ಯಾಸ ಕಾಣುತ್ತೆ. ಒಬ್ಬೊಬ್ಬರ ಹಣೆಬರಹ ಇದರಲ್ಲಿಲ್ಲ. ಊರಿಗೆ ಹೋಗಿ ಏನು ಮರೆತರೂ ಇದೊಂದು ಮರೀಬೇಡಿ."

ಆಮೇಲೆ ನನ್ನ ಸರದಿ. ಹುಡುಗಿಯಂಥ ಡಾಕ್ಟರೊಬ್ಬಳು ಮೆಲ್ಲಗೆ, "ನಿಮಗೆ ಈಗ್ಲೂ ದನಿ ಕೇಳ್ಸುತ್ತಾ?" ಎಂದಳು. "ಕೇಳ್ಸುತ್ತೆ, ಇಷ್ಟು ಹೊತ್ತು ನಿಮ್ಮದೇ ಕೇಳ್ತಿತ್ತು" ಎಂದೆ. ಎಲ್ಲರೂ ನಕ್ಕರು. ಕನ್ನಡಕದವರು ಮಾತ್ರ ನಗಲಿಲ್ಲ, ಪಾಪ.

ಅಕ್ಕ

*

ನವೆಂಬರ್ 2

ಅಕ್ಕ,

ಪತ್ರ ಬಂತು.

ಆ ಡಾಕ್ಟರು ಹೇಳಿದ್ದನ್ನು ಪೂರ್ತಿ ಬರೆಯುತ್ತೀಯಾ? ಪೊಳ್ಳು ಅಗಲ ಎಂದರೋ, ಅಗಲವಾಗುತ್ತಿದೆ ಎಂದರೋ? ಹಣೆಯ ಹಿಂದೆ ಎಡಕ್ಕೋ ಬಲಕ್ಕೋ? ತಲೆದೂಗಿದ ನಾಲ್ಕೈದು ಜನ ಯಾವ ಡಾಕ್ಟರುಗಳು?

ಇಪ್ಪತ್ತಮೂರು ಎಂದು ನೀನೇ ಎಣಿಸಿದೆಯಾ, ಅವರು ಹೇಳಿದರಾ?

ತಂಗಿ

*

ನವೆಂಬರ್ 9

ಮರಿ,

ನನ್ನದೇ ತಪ್ಪು. ನಗಿಸಲು ಹೋಗಿ ಹೀಗಾಯಿತು.

ಆ ಇಪ್ಪತ್ತಮೂರು ಜನರದ್ದೂ ತಪ್ಪು ಉತ್ತರ. ಪಾಠವೇ ಅದು. ಆ ಚಿತ್ರಗಳ ಜಾಗದಲ್ಲಿ ಎರಡು ಹೂಕೋಸು ಇಟ್ಟಿದ್ದರೂ ಅವರು ಕೈಯೆತ್ತಿ ಕಾರಣ ಕೊಡುತ್ತಿದ್ದರು. ಇನ್ನೊಂದು ಸಲ ಓದು: ನಿನ್ನನ್ನು "ಆರೋಗ್ಯವಾಗಿದ್ದಾರೆ" ಎಂದವರು ಹನ್ನೆರಡು ವರ್ಷ ನಿನ್ನನ್ನು ಬಲ್ಲವರು. ಕಾಯಿಲೆ ಎಂದವರು ನಿನ್ನನ್ನು ಹನ್ನೆರಡು ನಿಮಿಷವೂ ನೋಡದವರು.

ನಿದ್ದೆ ಮಾಡುತ್ತಿದ್ದೀಯಾ? ಭೂಮಾಪಕರ ಜೊತೆ ಮಾತಾಡುತ್ತಿದ್ದೀಯಾ? ಎರಡೇ ಸಾಲಾದರೂ ಬರಿ.

ಅಕ್ಕ

*

ಡಿಸೆಂಬರ್ 28

ಅಕ್ಕ,

ತಡವಾಯಿತು. ಬರೆದು ಬರೆದು ಹರಿದೆ.

ಭೂಮಾಪಕರಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಕಾರಣ ಕೇಳಿದರು. ಇಪ್ಪತ್ತಮೂರು ಜನ ಕೈಯೆತ್ತಿದ್ದಾರೆ ಎಂದು ಹೇಳಲಾಗುತ್ತದೆಯೇ? ಅವರು ಬೇರೆ ಊರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದಾರಂತೆ.

ಇನ್ನೊಂದು ವಿಷಯ, ಇದನ್ನು ಯಾರಿಗೂ ಹೇಳಿಲ್ಲ. ಎರಡು ವಾರದ ಹಿಂದೆ ಒಂದು ಅಂಗಡಿಯಲ್ಲಿ ತಕ್ಕಡಿ ಪರೀಕ್ಷೆ ಮಾಡುತ್ತಿದ್ದೆ. ಅವರ ತೂಕದ ಬಟ್ಟುಗಳಲ್ಲಿ ಎರಡು ಸವೆದಿದ್ದವು, ಮುದ್ರೆ ಒತ್ತುವುದಿಲ್ಲ ಎಂದೆ. ಪೆಟ್ಟಿಗೆ ಕಡೆ ತಿರುಗಿದಾಗ ಅಂಗಡಿಯವನು "ಹುಚ್ಚಿ" ಎಂದ. ಎಂದನೋ, ಎಂದ ಹಾಗೆ ಕೇಳಿಸಿತೋ. "ಏನಂದ್ರಿ?" ಎಂದೆ. "ಏನೂ ಅನ್ನಲಿಲ್ವಲ್ಲ ಮೇಡಂ." ನಾನು ಬಿಡಲಿಲ್ಲ. ಮೂರು ಸಲ ಕೇಳಿದೆ. ಗಿರಾಕಿಗಳೆಲ್ಲ ನೋಡುತ್ತಾ ನಿಂತರು. ಕೊನೆಗೆ ನಮ್ಮ ಗುಮಾಸ್ತರೇ ಕೈಹಿಡಿದು ಹೊರಗೆ ಕರೆದುಕೊಂಡು ಬಂದರು. "ಅವನು ಅಂದಿದ್ದು ನಿಮಗೂ ಕೇಳಿಸ್ತಲ್ವಾ?" ಎಂದೆ. "ನಾನು ಬಟ್ಟು ಜೋಡಿಸ್ತಿದ್ದೆ ಮೇಡಂ, ಗಮನ ಇರ್ಲಿಲ್ಲ" ಎಂದರು.

ಇನ್ನು ಅದು ಎಂದಿಗೂ ಗೊತ್ತಾಗುವುದಿಲ್ಲ, ಅಕ್ಕ. ಅವನು ಬೈದಿದ್ದರೆ ಎಷ್ಟು ಒಳ್ಳೆಯದಿತ್ತು.

ಈ ಆಗಸ್ಟುಗಳನ್ನು ನಿಲ್ಲಿಸಿಬಿಡೋಣ ಅಂತ ಎಷ್ಟೋ ಸಲ ಅನ್ನಿಸಿದೆ. ನಿಲ್ಲಿಸಿದರೆ ನಿನ್ನ ಕೋಣೆ? ಹಿಂದೊಮ್ಮೆ ಅಲ್ಲಿನ ಮೇಲ್ವಿಚಾರಕ ನನ್ನನ್ನು ಪಕ್ಕಕ್ಕೆ ಕರೆದು, "ಈ ಆರು ಕೋಣೆ ಸಂಶೋಧನೆಯವರಿಗೆ ಮಾತ್ರ, ಮಿಕ್ಕವರಿಗೆ ದೊಡ್ಡ ವಾರ್ಡೇ" ಎಂದಿದ್ದ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಸಿಕ್ಕ ದಿನ ನಿನ್ನ ಮುಖ ನೋಡಿದ್ದೇನೆ. ಅದಕ್ಕೇ ಬರುತ್ತಿದ್ದೇನೆ. ಇನ್ನು ಮುಂದೆಯೂ ಬರುತ್ತೇನೆ. ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ.

ತಂಗಿ

*

ಜನವರಿ 15

ಮರಿ,

ನಿನ್ನ ಪತ್ರ ಓದಿ ಎರಡು ದಿನ ಹೊಲಿಗೆ ಹಾಕಲಿಲ್ಲ.

ನಾನು ಯಾಕೆ ಆ ಯಂತ್ರದೊಳಗೆ ಮಲಗುತ್ತಿದ್ದೆ ಗೊತ್ತಾ? ನಿನಗೋಸ್ಕರ. ತಲೆಗೆ ಆ ಪಂಜರ ಸಿಕ್ಕಿಸಿ "ಅಲ್ಲಾಡ್ಬೇಡಿ" ಎಂದಾಗಲೆಲ್ಲ ನನಗೆ ಹಳೆಯದೆಲ್ಲ ನೆನಪಾಗುತ್ತದೆ, ಮೊದಲ ವರ್ಷ ಕಟ್ಟಿಹಾಕಿದ್ದು, ಎಲ್ಲಾ. ಆದರೂ ವರ್ಷಕ್ಕೊಮ್ಮೆ "ಎಲ್ಲಾ ಚೆನ್ನಾಗಿದೆ" ಎನ್ನಿಸಿಕೊಂಡು ನೀನು ಹಗುರವಾಗಿ ಬಸ್ಸು ಹತ್ತುತ್ತೀಯ ಎಂದುಕೊಂಡಿದ್ದೆ. ನಾನು ಬಿಟ್ಟರೆ ನಿನಗೆ ಆ ಸಮಾಧಾನವೂ ತಪ್ಪುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ನೀನು ಬರುತ್ತಿದ್ದದ್ದು ನನ್ನ ಚಿಲಕಕ್ಕೆ! ನಾವಿಬ್ಬರೂ ಎಂಥ ಪೆದ್ದುಗಳು. ಅದರಲ್ಲಾದರೂ ಅವಳಿ ಎಂದು ಸಾಬೀತಾಯಿತು.

ಈಗ ಹೊಸ ಯಂತ್ರ ಬಂದಿದೆ. ಎಲ್ಲರೂ ಹೊಸದಾಗಿ ಒಪ್ಪಿಗೆ ಬರೆದುಕೊಡಬೇಕಂತೆ. ನನಗೂ ಕಾಗದ ಬಂತು. ಹಳೆಯದನ್ನು ತೋರಿಸಿ ಎಂದೆ. ತೋರಿಸಿದರು. ಅದರಲ್ಲಿ ನನ್ನ ಸಹಿಯೇ ಇಲ್ಲ, ಮರಿ. ಅಮ್ಮನದಿದೆ, "ಮಗಳ ಪರವಾಗಿ" ಎಂದು. ಆಗ ನಾನು ಸಹಿ ಹಾಕುವ ಸ್ಥಿತಿಯಲ್ಲಿರಲಿಲ್ಲ, ನಿಜ. ಅಮ್ಮ ಹೋಗಿ ಐದು ವರ್ಷವಾಯಿತು. ಅವಳ ಒಪ್ಪಿಗೆಯ ಮೇಲೆ ಇನ್ನೂ ನನ್ನ ತಲೆ ಒಳಗೆ ಹೋಗುತ್ತಿತ್ತು.

ಪ್ರೊಫೆಸರಮ್ಮನ ಕೋಣೆಗೆ ಹೋದೆ.

"ನಾನು ಸಹಿ ಹಾಕ್ದೆ ಇದ್ರೆ?"

"ಹಾಕ್ದೆ ಇದ್ರೆ ಇಲ್ಲ. ನಿಮ್ಮಿಷ್ಟ."

"ಆಗ ನನ್ನ ತಂಗಿ?"

"ಇದು ಜೋಡಿಗಳ ಅಧ್ಯಯನ. ಒಬ್ಬರು ಬಿಟ್ರೆ ಇನ್ನೊಬ್ಬರೂ ಬಿಟ್ಟ ಹಾಗೆ." ಪೆನ್ನು ಕೆಳಗಿಟ್ಟರು. "ಹನ್ನೆರಡು ವರ್ಷ ತಪ್ಪದೆ ಬಂದ ಜೋಡಿ ನನ್ನ ಹತ್ರ ಇನ್ನೊಂದಿಲ್ಲ" ಎಂದರು.

"ಗೊತ್ತು ಮೇಡಂ. ನಾನೇ ಬೈಂಡ್ ಮಾಡಿದ್ದು" ಎಂದೆ.

ಅವರು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು. ಬಿಡುತ್ತೇನೆ ಎಂದು ಬರೆದು ಸಹಿ ಹಾಕಿ ಕೊಟ್ಟೆ. ನನ್ನ ಸಹಿ ನಾನೇ ನೋಡದೆ ಎಷ್ಟು ದಿನವಾಗಿತ್ತೋ, ಎರಡು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಕೋಣೆ ಎಲ್ಲಿಗೂ ಹೋಗುವುದಿಲ್ಲವಂತೆ. ಕೇಳಿದೆ. ನೀನು ಆ ವಿಷಯ ಬಿಟ್ಟುಬಿಡು. ಭೂಮಾಪಕರ ಅರ್ಜಿ ಇನ್ನೂ ಮೇಜಿನ ಮೇಲೇ ಇದ್ದರೆ ಓಡು.

ಅಕ್ಕ

*

ಫೆಬ್ರವರಿ 2

ಮಾನ್ಯರೇ,

ನಿಮ್ಮ ಸಹೋದರಿಯವರು ಅಧ್ಯಯನದಿಂದ ಹಿಂದೆ ಸರಿದಿರುವುದರಿಂದ ಹದಿನೇಳನೇ ಜೋಡಿಯ ಭಾಗವಹಿಸುವಿಕೆ ಇಲ್ಲಿಗೆ ಮುಕ್ತಾಯವಾಗಿದೆ. ಬರುವ ಆಗಸ್ಟಿನಲ್ಲಿ ನೀವು ಬರಬೇಕಾಗಿಲ್ಲ. ಇಷ್ಟು ವರ್ಷಗಳ ಸಹಕಾರಕ್ಕೆ ವಿಭಾಗದ ಪರವಾಗಿ ವಂದನೆಗಳು.

ಇಲ್ಲಿಗೆ ಕಚೇರಿಯ ಪತ್ರ ಮುಗಿಯಿತು. ಇನ್ನು ನನ್ನ ಮಾತು. ಪಾಠದ ದಿನ ನಡೆದದ್ದನ್ನು ನಿಮ್ಮ ಅಕ್ಕ ನಿಮಗೆ ಬರೆದರೆಂದೂ ಅದರಿಂದ ನಿಮಗೆ ಏನಾಯಿತೆಂದೂ ತಿಳಿಯಿತು. ಡಾಕ್ಟರುಗಳಿಗೆ ಚಿತ್ರ ನೋಡಿ ತೀರ್ಪು ಕೊಡಬೇಡಿ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ನಿಮಗೆ ಅದನ್ನು ಒಮ್ಮೆಯೂ ಕೂರಿಸಿಕೊಂಡು ಹೇಳಲಿಲ್ಲ. "ಮುಂದಿನ ವರ್ಷ ನೋಡೋಣ" ಎಂದು ಕಳಿಸಿದೆ. ನನಗೆ ಅದು ಕ್ಯಾಲೆಂಡರಿನ ಮಾತಾಗಿತ್ತು. ನಿಮ್ಮ ವಯಸ್ಸಿಗೆ ಆ ಕಾಯಿಲೆ ಹೊಸದಾಗಿ ಶುರುವಾಗುವ ಸಂಭವ ಬಹಳ ಕಡಿಮೆಯಾಗಿದೆ. ಇಲ್ಲವೇ ಇಲ್ಲ ಎನ್ನಲು ನನಗೆ ಬರುವುದಿಲ್ಲ. ಅದನ್ನು ಯಾರ ವಿಷಯದಲ್ಲೂ ಹೇಳಲು ಬರುವುದಿಲ್ಲ, ನನ್ನ ವಿಷಯದಲ್ಲೂ.

ಕೋಣೆಯ ಬಗ್ಗೆ ಆಡಳಿತಕ್ಕೆ ಎರಡು ಸಲ ಬರೆದಿದ್ದೇನೆ. ಕಟ್ಟಡ ನನ್ನ ಕೈಯಲ್ಲಿಲ್ಲ.

ಇಂತು,
ಪ್ರಾಧ್ಯಾಪಕಿ

*

ಏಪ್ರಿಲ್ 20

ಮರಿ,

ವಿಳಾಸ ಬದಲಾಗಿದೆ, ಲಕೋಟೆಯ ಹಿಂದೆ ನೋಡು. ಮಹಿಳೆಯರ ದೊಡ್ಡ ವಾರ್ಡು, ಹಾಸಿಗೆ ಇಪ್ಪತ್ತೆರಡು.

ಚೆನ್ನಾಗಿದೆ. ಮೂವತ್ತು ಹಾಸಿಗೆ, ಎತ್ತರದ ಕಿಟಕಿಗಳು, ಗಾಳಿ ಚೆನ್ನಾಗಿ ಬರುತ್ತದೆ. ಪಕ್ಕದ ಹಾಸಿಗೆಯ ಅಜ್ಜಿ ದಿನಕ್ಕೆ ಮೂರು ಸಲ ನನ್ನನ್ನು ಮದುವೆ ಮಾಡಿಸುತ್ತಾಳೆ, ಪ್ರತಿಸಲವೂ ಬೇರೆ ಬೇರೆ ಗಂಡು. ಬಾಗಿಲಿಗೆ ಹೊರಗಿನಿಂದ ಬೀಗ. ಬೆಳಿಗ್ಗೆ ಬೈಂಡಿಂಗಿಗೆ ಬಿಡುತ್ತಾರೆ, ನಾಲ್ಕಕ್ಕೆ ವಾಪಸ್ಸು, ತಲೆ ಎಣಿಸಿ ಒಳಗೆ.

ನಾನು ಸುಳ್ಳು ಹೇಳಿದೆ ಎಂದು ಕೂಗಾಡಬೇಡ. ಹನ್ನೆರಡು ವರ್ಷ ನೀನೂ ಹೇಳಿದ್ದೀಯ.

ಅಕ್ಕ

*

ಮೇ 6

ಅಕ್ಕ,

ನಿನ್ನನ್ನು ಯಾರು ಕೇಳಿದರು? ನನ್ನನ್ನು ಬಿಡಿಸಲು ಹೋಗಿ ಬೀಗದ ಹಿಂದೆ ಕೂತೆಯಲ್ಲ. ಇದನ್ನು ಹೊತ್ತುಕೊಂಡು ನಾನು ಹಾಯಾಗಿ ತಿರುಗಾಡಬೇಕಾ? ಇದಕ್ಕಿಂತ ಆ ಯಂತ್ರವೇ ವಾಸಿಯಿತ್ತು. ಅದು ಅರ್ಧ ಗಂಟೆಯಾದ ಮೇಲಾದರೂ ಹೊರಗೆ ಬಿಡುತ್ತಿತ್ತು.

ಭೂಮಾಪಕರು ಹೋದ ತಿಂಗಳೇ ಹೊರಟುಹೋದರು. ಇನ್ನೇನೂ ಬರೆಯಲಾರೆ.

*

ಆಗಸ್ಟ್ 24

ಅಕ್ಕ,

ನಿನ್ನೆಯ ಅರ್ಧ ಕಥೆ ಮಾತ್ರ ನಿನಗೆ ಗೊತ್ತು. ಮಿಕ್ಕದ್ದನ್ನು ಬರೆಯದಿದ್ದರೆ ನನಗೆ ಆಗುವುದಿಲ್ಲ.

ಬರಬೇಕೆಂದು ಹೊರಟವಳಲ್ಲ ನಾನು. ತಾರೀಖು ಬಂತು, ಕೈ ತಾನಾಗಿ ಚೀಲಕ್ಕೆ ಬಟ್ಟೆ ತುಂಬಿತು, ಕಾಲು ಬಸ್‌ಸ್ಟ್ಯಾಂಡಿಗೆ ನಡೆಯಿತು. ಅರ್ಧ ದಾರಿಯಲ್ಲಿ ನೆನಪಾಯಿತು, ನನ್ನನ್ನು ಯಾರೂ ಕರೆದಿಲ್ಲ. ಇಳಿಯಬಹುದಿತ್ತು.

ನೀನು ಬೈಂಡಿಂಗಿಗೆ ರಜೆ ಹಾಕಿದೆ. ಇಷ್ಟು ವರ್ಷದಲ್ಲಿ ಇಡೀ ದಿನ ಒಟ್ಟಿಗೆ ಕೂತದ್ದು ಅದೇ ಮೊದಲು. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ನೀನು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದೆ. ಆ ಅಜ್ಜಿ ನಮ್ಮಿಬ್ಬರಿಗೂ ಒಬ್ಬನನ್ನೇ ಗೊತ್ತುಮಾಡಿದಳು. "ಭೂಮಾಪಕರ ವಿಳಾಸ ಇದೆಯಾ?" ಎಂದು ನೀನು ಕೇಳಿದೆ. "ಇದೆ" ಎಂದೆ.

ಐದಕ್ಕೆ ಗಂಟೆ ಹೊಡೆಯಿತು. ನಿನ್ನನ್ನು ಮಾತ್ರೆಯ ಸಾಲಿಗೆ ಕರೆದರು. ನಾನು ಬಾಗಿಲಿಗೆ ಬಂದೆ. ಭೇಟಿಯ ಚೀಟಿ, ಚೀಲ ಎರಡೂ ನಿನ್ನ ಹಾಸಿಗೆಯ ಮೇಲೇ ಉಳಿದಿದ್ದವು. ಬಾಗಿಲಲ್ಲಿ ಬೆಳಗಿನ ಕಾವಲಿನವಳಿರಲಿಲ್ಲ, ಬೇರೆಯವಳಿದ್ದಳು.

"ಎಲ್ಲಿಗಮ್ಮ ಹೊರಟೆ? ಒಳಗೆ ನಡಿ" ಎಂದಳು.

"ನಾನು ಪೇಷಂಟ್ ಅಲ್ಲ."

"ಹೌದಮ್ಮ, ಇಲ್ಲಿ ಯಾರೂ ಅಲ್ಲ. ನಡಿ."

"ಇಪ್ಪತ್ತೆರಡನೇ ಹಾಸಿಗೆಯವಳು ನನ್ನಕ್ಕ. ನಾವು ಅವಳಿ."

"ಮೊನ್ನೆ ನಾಲ್ಕನೇ ಹಾಸಿಗೆಯೋಳು ನಾವು ಐದು ಜನ ಅಂದ್ಲು." ಗದರಿಸಲಿಲ್ಲ. ನಗುತ್ತಲೇ ನನ್ನ ಭುಜದ ಮೇಲೆ ಕೈಯಿಟ್ಟು ತಿರುಗಿಸಿದಳು. ಎಷ್ಟು ಮೆತ್ತಗಿನ ಕೈ, ಅಕ್ಕ.

ದನಿಯೇರಿಸಿದರೆ ಪೇಷಂಟ್ ಹಾಗೆ ಕಾಣುತ್ತೇನೆ. ಅತ್ತರೂ ಹಾಗೇ. ಸುಮ್ಮನೆ ನಿಂತರೂ ಹಾಗೇ. ಪೇಷಂಟ್ ಅಲ್ಲದವಳು ಏನು ಮಾಡುತ್ತಾಳೆ ಎಂದು ಹುಡುಕಿದೆ, ಒಂದೂ ಹೊಳೆಯಲಿಲ್ಲ. ಇಷ್ಟು ವರ್ಷ ಅದೊಂದನ್ನೇ ಅಭ್ಯಾಸ ಮಾಡಿದವಳು ನಾನು.

ಆಗ ಒಂದು ಸಂಗತಿ ನಡೆಯಿತು. ಇದನ್ನು ಹೇಳಲಿಕ್ಕೇ ಈ ಪತ್ರ. ಎದೆಯಲ್ಲಿ ಏನೋ ಸಡಿಲವಾಯಿತು. ಸರಿ, ಕೊನೆಗೂ ನನಗೂ ಬಂತಲ್ಲ, ಇನ್ನು ಕಾಯಬೇಕಾಗಿಲ್ಲ ಅನ್ನಿಸಿತು. ಕಾಲು ತಾನಾಗಿ ಒಳಗೆ ನಡೆಯಿತು. ಎರಡು ಹೆಜ್ಜೆ. ಮೂರನೆಯದನ್ನೂ ಇಡುತ್ತಿದ್ದೆ.

ನೀನು ಚೀಲ ಹಿಡಿದು ಓಡಿ ಬಂದೆ. "ಏಯ್, ಅವಳನ್ನ ಬಿಡಿ! ಅವಳು ಹೊರಗಿನವಳು" ಎಂದೆ. ಆ ದನಿಯಲ್ಲಿ ನೀನು ಯಾರನ್ನಾದರೂ ಗದರಿಸಿದ್ದನ್ನು ನಾನು ಚಿಕ್ಕಂದಿನಿಂದಲೂ ಒಮ್ಮೆಯೂ ಕೇಳಿರಲಿಲ್ಲ. ಅವಳು ನಿನ್ನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಚೀಟಿ ಓದಿ ಬೀಗ ತೆಗೆದಳು. ಬಾಗಿಲು ತೆರೆದಿತ್ತು. ನೀನು ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ.

ಬಸ್ಸಿನಲ್ಲಿ ಊರು ಬರುವವರೆಗೂ ಆ ಮಾತು ಚುಚ್ಚುತ್ತಾ ಬಂತು. ಅಷ್ಟು ಸಲೀಸಾಗಿ ಹೇಗೆ ಅಂದೆ? ಆದರೆ ಪ್ರೊಫೆಸರಮ್ಮನಿಗೂ ಹೇಳಲಾಗದ್ದು ಅದು. ಹೇಳುವ ಹಕ್ಕಿದ್ದವಳು ನೀನೊಬ್ಬಳೇ. ಅದನ್ನು ಹೇಳಲು ನೀನು ಒಳಗೇ ನಿಲ್ಲಬೇಕಾಯಿತು.

ನಾನು ಒಳಗೆ ತಿರುಗಿದ್ದನ್ನು ನೀನು ನೋಡಿದೆಯೋ ಇಲ್ಲವೋ. ನೋಡಿದ್ದರೂ ಹೇಳುವವಳಲ್ಲ.

ಭಾನುವಾರ ಬರುತ್ತೇನೆ. ಅದರಾಚೆಯ ಭಾನುವಾರವೂ. ಚೀಟಿಯನ್ನು ಕೈಯಲ್ಲೇ ಹಿಡಿದಿರುತ್ತೇನೆ.

ಇಂತಿ,
ಹೊರಗಿನವಳು